ಹೆಸರು, ಲಿಪಿ, ಕಾಲ: ರಷ್ಯಾ ಮತ್ತು ಯುರೇಷ್ಯಾದ ದಾಖಲೆಗಳನ್ನು ಹುಡುಕುವ ಬಗೆ

ಯುರೇಷ್ಯಾ ಆರ್ಥಿಕ ಒಕ್ಕೂಟದೊಡನೆ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಆರಂಭಿಸುವ ಕಾರ್ಯಸೂಚಿಗೆ ಭಾರತವು 2025ರ ಆಗಸ್ಟ್ ತಿಂಗಳಲ್ಲಿ ಮಾಸ್ಕೋದಲ್ಲಿ ಸಹಿ ಹಾಕಿತು. 2015ರ ಜನವರಿ 1ರಂದು ಜಾರಿಗೆ ಬಂದ ಈ ಒಕ್ಕೂಟದಲ್ಲಿ ರಷ್ಯಾ, ಬೆಲಾರುಸ್, ಕಜಕಸ್ತಾನ, ಆರ್ಮೇನಿಯಾ ಮತ್ತು ಕಿರ್ಗಿಸ್ತಾನಗಳು ಸದಸ್ಯ ರಾಷ್ಟ್ರಗಳು. 2024-25ನೆಯ ಸಾಲಿನಲ್ಲಿ ಭಾರತ-ರಷ್ಯಾ ವ್ಯಾಪಾರವು ಸುಮಾರು 68.7 ಶತಕೋಟಿ ಡಾಲರ್‌ಗಳಷ್ಟಾದರೂ ಅದರಲ್ಲಿ ಭಾರತದ ರಫ್ತಿನ ಪಾಲು 5 ಶತಕೋಟಿ ಡಾಲರನ್ನು ಮುಟ್ಟಲಿಲ್ಲ. ಉಳಿದುದರ ಬಹುಭಾಗ ಕಚ್ಚಾ ತೈಲದ ಆಮದು. ಈ ಅಂತರವನ್ನು ಕಡಿಮೆ ಮಾಡಬೇಕೆಂಬ ಮಾತು ಪ್ರತಿಯೊಂದು ಸಭೆಯಲ್ಲಿಯೂ ಕೇಳಿಬರುತ್ತದೆ. ಆದರೆ ಆ ಮಾರುಕಟ್ಟೆಯನ್ನು ತಿಳಿಯಲು ಕುಳಿತ ಉದ್ಯಮಿಗೆ ಎದುರಾಗುವ ಮೊದಲ ತೊಡಕು ಸರಕಿನದಲ್ಲ, ಮಾಹಿತಿಯದು. ಇಂಗ್ಲಿಷಿನಲ್ಲಿ ನಾಲ್ಕು ಪದ ಬರೆದು ಅಂತರಜಾಲದಲ್ಲಿ ಹುಡುಕಿದಾಗ ದೊರೆಯುವುದು ಬಹುಮಟ್ಟಿಗೆ ಹಳೆಯದು, ಇಲ್ಲವೇ ಮತ್ತೊಬ್ಬರು ಹೇಳಿದ್ದನ್ನು ಮತ್ತೊಮ್ಮೆ ಹೇಳಿದ್ದು.

ಇದರಿಂದ ಅಲ್ಲಿಯ ದಾಖಲೆಗಳೇ ಇಲ್ಲವೆಂದು ತಿಳಿಯುವುದು ತಪ್ಪು. ವಿಶ್ವವಿದ್ಯಾಲಯಗಳಲ್ಲಿ 'ಸ್ಲಾವಿಕ್ ಮತ್ತು ಯುರೇಷ್ಯಾ ಅಧ್ಯಯನ' ಎಂದು ಕರೆಯಲಾಗುವ ಕ್ಷೇತ್ರವು ಪೋಲೆಂಡಿನಿಂದ ಮಧ್ಯ ಏಷ್ಯಾದವರೆಗಿನ ದೇಶಗಳ ಭಾಷೆ, ಇತಿಹಾಸ, ಅರ್ಥವ್ಯವಸ್ಥೆಗಳನ್ನೆಲ್ಲ ಒಳಗೊಂಡಿದೆ. ಅದಕ್ಕಾಗಿ ಶತಮಾನಕ್ಕೂ ಮೀರಿದ ಅವಧಿಯಲ್ಲಿ ಕೂಡಿಸಿಟ್ಟ ಗ್ರಂಥಗಳು, ಪತ್ರಿಕೆಗಳು ಮತ್ತು ಸರ್ಕಾರಿ ಅಂಕಿ-ಅಂಶಗಳು ಅಪಾರವಾಗಿವೆ. ಅವು ಒಂದೇ ಕಡೆ ಇಲ್ಲ, ಒಂದೇ ಲಿಪಿಯಲ್ಲಿ ಇಲ್ಲ, ಒಂದೇ ಹೆಸರಿನಲ್ಲಿಯೂ ಇಲ್ಲ. ಹುಡುಕುವ ಕ್ರಮವನ್ನು ಅರಿತವರಿಗೆ ಮಾತ್ರ ಅವು ದಕ್ಕುತ್ತವೆ.

ಭಂಡಾರಗಳು ಎಲ್ಲಿವೆ?

ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್ ಪಟ್ಟಣದಲ್ಲಿ ಗೆನ್ನಾದಿ ಯೂದಿನ್ ಎಂಬ ಮದ್ಯ ತಯಾರಿಕೆಯ ವರ್ತಕನಿದ್ದನು. ವ್ಯಾಪಾರದಲ್ಲಿ ಗಳಿಸಿದ ಹಣವನ್ನು ಪುಸ್ತಕಗಳಿಗೆ ಸುರಿದು ಸುಮಾರು 80,000 ಸಂಪುಟಗಳ ಖಾಸಗಿ ಗ್ರಂಥಾಲಯವನ್ನು ಕಟ್ಟಿದನು. 1897ರಲ್ಲಿ ಗಡೀಪಾರಿನ ಹಾದಿಯಲ್ಲಿದ್ದ ಲೆನಿನ್ ಕೆಲವು ವಾರ ಅಲ್ಲಿ ಕುಳಿತು ಓದಿದ್ದುಂಟು. 1906ರಲ್ಲಿ ಯೂದಿನ್ ಈ ಸಂಗ್ರಹವನ್ನು ತಾನು ವೆಚ್ಚ ಮಾಡಿದ್ದಕ್ಕಿಂತ ಬಹಳ ಕಡಿಮೆ ಬೆಲೆಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಮಾರಿದನು. ವಾಷಿಂಗ್ಟನ್ನಿನ ರಷ್ಯನ್ ಸಂಗ್ರಹಕ್ಕೆ ಬುನಾದಿಯಾದುದು ಇದೇ. ರಷ್ಯಾದ ದಾಖಲೆಗಾಗಿ ರಷ್ಯಾದಲ್ಲಿಯೇ ಹುಡುಕಬೇಕಾಗಿಲ್ಲ ಎಂಬುದಕ್ಕೆ ಈ ವರ್ತಕನ ಪುಸ್ತಕಗಳಿಗಿಂತ ಒಳ್ಳೆಯ ಸಾಕ್ಷಿ ಬೇಡ.

ರಷ್ಯಾದೊಳಗೆ ಎರಡು ಮಹಾ ಗ್ರಂಥಾಲಯಗಳಿವೆ. ಮಾಸ್ಕೋದ ರಷ್ಯನ್ ರಾಜ್ಯ ಗ್ರಂಥಾಲಯವು 1862ರಲ್ಲಿ ಆರಂಭವಾದುದು. ಸೋವಿಯತ್ ಕಾಲದ ಲೆನಿನ್ ಗ್ರಂಥಾಲಯವೆಂಬ ಹೆಸರಿನಿಂದ ಜನರು ಅದನ್ನು ಇಂದಿಗೂ 'ಲೆನಿನ್ಕಾ' ಎಂದೇ ಕರೆಯುತ್ತಾರೆ. ಸೇಂಟ್ ಪೀಟರ್ಸ್‌ಬರ್ಗಿನ ರಷ್ಯಾ ರಾಷ್ಟ್ರೀಯ ಗ್ರಂಥಾಲಯವನ್ನು 1795ರಲ್ಲಿ ರಾಣಿ ಎರಡನೆಯ ಕ್ಯಾಥರೀನ್ ಸ್ಥಾಪಿಸಿದಳು. ಅದೇ ನಗರದಲ್ಲಿ 2009ರಲ್ಲಿ ತೆರೆದ ಯೆಲ್ತ್ಸಿನ್ ಹೆಸರಿನ ಅಧ್ಯಕ್ಷೀಯ ಗ್ರಂಥಾಲಯವು ಪ್ರಾರಂಭದಿಂದಲೇ ಡಿಜಿಟಲ್ ರೂಪದ್ದು. ಸಂಶೋಧನ ಲೇಖನಗಳನ್ನು ಬಯಸುವವರಿಗೆ 2012ರಲ್ಲಿ ಆರಂಭಗೊಂಡ 'ಸೈಬರ್‌ಲೆನಿನ್ಕಾ' ತುಂಬಾ ಉಪಯುಕ್ತ. ಅಲ್ಲಿಯ ಲೇಖನಗಳನ್ನು ಶುಲ್ಕವಿಲ್ಲದೆ ಓದಬಹುದು. ರಷ್ಯಾದ ಔಷಧ ನೋಂದಣಿಯ ನಿಯಮ, ಚಹಾ-ಕಾಫಿ ಬಳಕೆಯ ಬದಲಾವಣೆ, ಸಾಗಣೆ ಮಾರ್ಗಗಳ ವೆಚ್ಚ ಮೊದಲಾದ ವಿಷಯಗಳ ಮೇಲೆ ಅಲ್ಲಿಯ ಅಧ್ಯಾಪಕರು ಬರೆದ ಲೇಖನಗಳು ಇಂಗ್ಲಿಷ್ ವರದಿಗಳಲ್ಲಿ ಕಾಣದ ವಿವರಗಳನ್ನು ಒದಗಿಸುತ್ತವೆ. ಭಾಷೆ ರಷ್ಯನ್ ಎಂದು ಹಿಂಜರಿಯಬೇಕಾಗಿಲ್ಲ. ಯಂತ್ರಾನುವಾದವು ಸಾಹಿತ್ಯಕ್ಕೆ ಸಾಲದಿದ್ದರೂ ಸುಂಕದ ಪಟ್ಟಿಗೆ ಸಾಕು.

ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಒದಗಿಸುವವರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ 'ಈಸ್ಟ್ ವ್ಯೂ' ಪ್ರಮುಖವಾದುದು. 1989ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಬಳಿ 1912ರಿಂದ 'ಪ್ರಾವ್ದಾ', 1917ರಿಂದ 'ಇಜ್ವೆಸ್ತಿಯಾ' ಪತ್ರಿಕೆಗಳು ಪುಟಪುಟವಾಗಿ ಹುಡುಕಬಹುದಾದ ರೂಪದಲ್ಲಿವೆ. ರಷ್ಯನ್ ಬಾರದವರಿಗಾಗಿ, 1949ರಿಂದ ಅಲ್ಲಿಯ ಪತ್ರಿಕೆಗಳ ಆಯ್ದ ಬರಹಗಳನ್ನು ಇಂಗ್ಲಿಷಿಗೆ ತರುತ್ತಿರುವ 'ಕರೆಂಟ್ ಡೈಜೆಸ್ಟ್' ಎಂಬ ಸಂಕಲನವೂ ಉಂಟು. ಇವು ಚಂದಾ ಆಧಾರಿತ. ಬಿಡಿ ಓದುಗರಿಗಲ್ಲ, ಗ್ರಂಥಾಲಯಗಳಿಗೆ. ಮಧ್ಯ ಮತ್ತು ಪೂರ್ವ ಯುರೋಪಿನ ನಿಯತಕಾಲಿಕಗಳಿಗೆ ಫ್ರಾಂಕ್‌ಫರ್ಟಿನ 'ಸೀಯೋಲ್' ಎಂಬ ಆನ್‌ಲೈನ್ ಗ್ರಂಥಾಲಯವಿದೆ. ಜಪಾನಿನ ಸಪ್ಪೊರೊ ನಗರದಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯದ ಸ್ಲಾವಿಕ್-ಯುರೇಷ್ಯಾ ಸಂಶೋಧನ ಕೇಂದ್ರವು ಏಷ್ಯಾದ ಕಡೆಯಿಂದ ಈ ಪ್ರದೇಶವನ್ನು ನೋಡುತ್ತದೆ. ಬುಡಾಪೆಸ್ಟಿನ ಓಪನ್ ಸೊಸೈಟಿ ಪತ್ರಾಗಾರದಲ್ಲಿ ಶೀತಲ ಸಮರದ ಕಾಲದ ರೇಡಿಯೋ ಕೇಂದ್ರವೊಂದರ ಸಂಶೋಧನ ಕಡತಗಳಿವೆ. ಯಾವ ಪುಸ್ತಕ ಯಾವ ದೇಶದ ಯಾವ ಗ್ರಂಥಾಲಯದಲ್ಲಿದೆ ಎಂದು ತಿಳಿಯಲು 'ವರ್ಲ್ಡ್‌ಕ್ಯಾಟ್' ಸೂಚಿ ನೆರವಾಗುತ್ತದೆ.

ಹೆಸರೇ ಮೊದಲ ಕೀಲಿಕೈ

ಭಂಡಾರಗಳ ವಿಳಾಸ ತಿಳಿಯುವುದು ಕೆಲಸದ ಸುಲಭವಾದ ಭಾಗ. ಬಾಗಿಲ ಮುಂದೆ ನಿಂತು ಯಾವ ಪದವನ್ನು ಬರೆಯಬೇಕು ಎಂಬುದರಲ್ಲಿಯೇ ಹೆಚ್ಚಿನವರು ಸೋಲುತ್ತಾರೆ. ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಒಂದು ಉದಾಹರಣೆಯಿಂದ ಇದನ್ನು ವಿವರಿಸಬಹುದು.

ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫಾನಾಸಿ ನಿಕಿತಿನ್ 1470ರ ಸುಮಾರಿಗೆ ಬಹಮನಿ ರಾಜಧಾನಿ ಬೀದರಿಗೆ ಬಂದನು. ಮಾರುವುದಕ್ಕೆಂದು ಕುದುರೆಯೊಂದನ್ನು ಸಮುದ್ರ ದಾಟಿಸಿ ತಂದಿದ್ದನು. ಜುನ್ನಾರಿನಲ್ಲಿ ಅಲ್ಲಿಯ ಖಾನನು ಅದನ್ನು ಕಿತ್ತುಕೊಂಡು ಮತಾಂತರದ ಷರತ್ತು ಹಾಕಿದ್ದು, ಖೊರಾಸಾನದ ಒಬ್ಬ ಹಿರಿಯನ ಮಧ್ಯಸ್ಥಿಕೆಯಿಂದ ಕುದುರೆ ಮರಳಿ ದೊರೆತದ್ದು, ಕೊನೆಗೆ ಅದನ್ನು ಬೀದರಿನಲ್ಲಿ ಮಾರಿದ್ದು ಎಲ್ಲವನ್ನೂ ಅವನು ಬರೆದಿಟ್ಟಿದ್ದಾನೆ. ರಷ್ಯಾಕ್ಕೆ ಒಯ್ಯತಕ್ಕ ಸರಕು ಇಲ್ಲಿ ಇಲ್ಲ, ಮೆಣಸು ಮತ್ತು ಬಣ್ಣ ಅಗ್ಗ, ಆದರೆ ಸುಂಕ ಹೆಚ್ಚು, ಸಮುದ್ರದಲ್ಲಿ ಕಳ್ಳರು ಬಹಳ ಎಂಬ ಅವನ ದೂರು ಇಂದಿನ ಮಾರುಕಟ್ಟೆ ವರದಿಯಂತೆಯೇ ಇದೆ. ಊರು ಸೇರುವ ಮೊದಲೇ ಸ್ಮೋಲೆನ್ಸ್ಕ್ ಬಳಿ ಅವನು ತೀರಿಕೊಂಡನು. ಬರಹವು ರಷ್ಯನ್ ವೃತ್ತಾಂತ ಗ್ರಂಥಗಳಲ್ಲಿ ಪ್ರತಿಯಾಗಿ ಉಳಿಯಿತು. 19ನೆಯ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಮ್ಜಿನ್ ಒಂದು ಮಠದ ಗ್ರಂಥಭಂಡಾರದಲ್ಲಿ ಅದನ್ನು ಕಂಡುಹಿಡಿದನು.

ಈ ವರ್ತಕನ ಬಗೆಗೆ ಬೀದರಿನ ವಿದ್ಯಾರ್ಥಿಯೊಬ್ಬನು ಮಾಹಿತಿ ಹುಡುಕಲು ತೊಡಗಿದನೆಂದು ಭಾವಿಸೋಣ. 'ಬೀದರ್' ಎಂಬ ಊರ ಹೆಸರನ್ನು ಇಂದಿನ ಕಾಗುಣಿತದಲ್ಲಿ ಕೊಟ್ಟರೆ ಮೂಲ ಪಠ್ಯ ಸಿಗದು. ಅಲ್ಲಿ ಅದು 'ಬೆದೆರ್'. 1857ರಲ್ಲಿ ಲಂಡನ್ನಿನ ಹಕ್ಲೂಯ್ಟ್ ಸೊಸೈಟಿಯು ಹೊರತಂದ ಇಂಗ್ಲಿಷ್ ಅನುವಾದದಲ್ಲಿ ಲೇಖಕನು ಅಫಾನಾಸಿ ಅಲ್ಲ, 'ಅಥನೇಷಿಯಸ್'. ಅವನ ಊರಿನ ಹೆಸರಿನಲ್ಲಿ 'ವಿ' ಅಕ್ಷರದ ಬದಲು 'ಡಬ್ಲ್ಯೂ' ಇದೆ. ರಷ್ಯನ್ನಿನಲ್ಲಿಯೂ ಕೃತಿಯ ಹೆಸರು ಎರಡು ಬಗೆ: ಹಳೆಯ ರೂಪ 'ಖೊಝೆನಿಯೆ', ಇಂದಿನ ರೂಪ 'ಖೊಝ್ದೆನಿಯೆ'. ಒಂದು ಅಕ್ಷರದ ವ್ಯತ್ಯಾಸದಿಂದ ಸೂಚಿಯ ಅರ್ಧ ಭಾಗ ಕಣ್ಮರೆಯಾಗುತ್ತದೆ. ಇನ್ನೂ ಒಂದು ತೊಡಕಿದೆ. ತ್ವೇರ್ ಪಟ್ಟಣವು 1931ರಿಂದ 1990ರವರೆಗೆ 'ಕಲಿನಿನ್' ಎಂಬ ಹೆಸರಿನಲ್ಲಿತ್ತು. ಆ ಅರವತ್ತು ವರ್ಷಗಳಲ್ಲಿ ಅವನ ತವರಿನಲ್ಲಿ ಅಚ್ಚಾದ ಪುಸ್ತಕಗಳನ್ನು ತ್ವೇರ್ ಎಂದು ಹುಡುಕಿದರೆ ಪ್ರಕಟಣ ಸ್ಥಳದ ಸಾಲಿನಲ್ಲಿ ಒಂದೂ ಕಾಣಿಸದು.

ಲಿಪ್ಯಂತರದ ಗೊಂದಲ ಇದಕ್ಕಿಂತ ವ್ಯಾಪಕ. ಸಿರಿಲಿಕ್ ಅಕ್ಷರಗಳನ್ನು ರೋಮನ್ ಲಿಪಿಗೆ ತರಲು ಒಂದಕ್ಕಿಂತ ಹೆಚ್ಚು ಪದ್ಧತಿಗಳಿವೆ. ಪತ್ರಿಕೆಗಳು ಯೆಲ್ತ್ಸಿನ್ ಹೆಸರನ್ನು 'ವೈ' ಅಕ್ಷರದಿಂದ ಬರೆದರೆ ಅಮೆರಿಕದ ಗ್ರಂಥಾಲಯಗಳ ಪದ್ಧತಿಯಲ್ಲಿ ಅದು 'ಇ' ಅಕ್ಷರದಿಂದ ಆರಂಭವಾಗುತ್ತದೆ. ಜರ್ಮನರು ಚೆಖೋವನ ಹೆಸರನ್ನು 'ಟಿ' ಅಕ್ಷರದಿಂದ ಬರೆಯುವುದುಂಟು. ಆದುದರಿಂದ ರೋಮನ್ ಲಿಪಿಯನ್ನು ನೆಚ್ಚದೆ, ಹುಡುಕಬೇಕಾದ ಪದವನ್ನು ಸಿರಿಲಿಕ್ ಲಿಪಿಯಲ್ಲಿಯೇ ನಕಲಿಸಿ ಹಾಕುವುದು ಉತ್ತಮ. ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಕನ್ನಡದ ನಾಮಪದಕ್ಕೆ ವಿಭಕ್ತಿ ಪ್ರತ್ಯಯ ಹತ್ತುವಂತೆ ರಷ್ಯನ್ ನಾಮಪದಕ್ಕೂ ಆರು ವಿಭಕ್ತಿಗಳಿವೆ, ಪದದ ಕೊನೆ ಬದಲಾಗುತ್ತದೆ. 'ಇಂದಿಯಾ' ಎಂಬುದು 'ಇಂದಿಯಿ', 'ಇಂದಿಯು' ಎಂದು ಮಾರ್ಪಡುತ್ತದೆ. ಕೊನೆಯ ಅಕ್ಷರವನ್ನು ಬಿಟ್ಟು ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲ ರೂಪಗಳೂ ಒಟ್ಟಿಗೆ ಬರುತ್ತವೆ. 'ಕೋಫೆ', ಅಂದರೆ ಕಾಫಿ, ಮಾತ್ರ ಯಾವ ವಿಭಕ್ತಿಗೂ ಬಗ್ಗದ ಪದ. ಕೊಡಗು ಚಿಕ್ಕಮಗಳೂರಿನ ರಫ್ತುದಾರರಿಗೆ ಅಷ್ಟು ಕೆಲಸ ಕಡಿಮೆ.

ಕಾಲದ ಲೆಕ್ಕವೂ ಬೇರೆ. ರಷ್ಯಾ 1918ರಲ್ಲಿ ಕಾಗುಣಿತವನ್ನೂ ಪಂಚಾಂಗವನ್ನೂ ಬದಲಿಸಿತು. ಆ ವರ್ಷ ಜನವರಿ 31ರ ಮರುದಿನ ಫೆಬ್ರವರಿ 14. ಅದಕ್ಕೆ ಹಿಂದಿನ ಪತ್ರಿಕೆಯ ದಿನಾಂಕಕ್ಕೆ 20ನೆಯ ಶತಮಾನದಲ್ಲಾದರೆ 13, 19ನೆಯ ಶತಮಾನದಲ್ಲಾದರೆ 12 ದಿನ ಕೂಡಿಸಬೇಕು. ಮಧ್ಯ ಏಷ್ಯಾದಲ್ಲಿ ಲಿಪಿಯೇ ಬದಲಾಗಿದೆ. ಕಜಕ್ ಭಾಷೆಯು ಒಂದೇ ತಲೆಮಾರಿನೊಳಗೆ ಅರಬ್ಬಿಯಿಂದ ರೋಮನ್‌ಗೆ, 1940ರಲ್ಲಿ ಸಿರಿಲಿಕ್‌ಗೆ ದಾಟಿತು. ಅದರ ಈಗಿನ ರಾಜಧಾನಿ 1998ರಲ್ಲಿ ಅಸ್ತಾನಾ, 2019ರಲ್ಲಿ ನೂರ್-ಸುಲ್ತಾನ್, 2022ರಲ್ಲಿ ಮತ್ತೆ ಅಸ್ತಾನಾ ಆಯಿತು. 2014ರ ನವೆಂಬರ್ 1ಕ್ಕೆ ಹಿಂದಿನ ಇಂಗ್ಲಿಷ್ ಕಡತಗಳಲ್ಲಿ ಬೆಂಗಳೂರನ್ನು 'ಬ್ಯಾಂಗಲೋರ್' ಎಂದೇ ಹುಡುಕಬೇಕಾದುದನ್ನು ನೆನೆದರೆ ಇದು ವಿಚಿತ್ರವೆನಿಸದು.

ಅಂಕಿ-ಅಂಶಗಳು ನಿಂತಾಗ

ವ್ಯಾಪಾರಿಗಳಿಗೆ ಅತಿ ಮುಖ್ಯವಾದ ಭಾಗ ಇದು. ರಷ್ಯಾದ ಕಸ್ಟಮ್ಸ್ ಸೇವೆಯು 2022ರ ಏಪ್ರಿಲ್ ತಿಂಗಳಲ್ಲಿ ಆಮದು-ರಫ್ತಿನ ವಿವರವಾದ ಅಂಕಿ-ಅಂಶಗಳ ಪ್ರಕಟಣೆಯನ್ನು ನಿಲ್ಲಿಸಿತು. 2023ರಿಂದ ಮತ್ತೆ ಪ್ರಕಟಿಸುತ್ತಿರುವುದು ಸರಕಿನ ದೊಡ್ಡ ವರ್ಗಗಳ ಒಟ್ಟು ಮೊತ್ತವನ್ನು ಮಾತ್ರ. ವಿಶ್ವಸಂಸ್ಥೆಯ 'ಕಾಮ್‌ಟ್ರೇಡ್' ದತ್ತಾಂಶ ಕೋಶದಲ್ಲಿ ರಷ್ಯಾ ತಾನೇ ಒದಗಿಸಿದ ವಿವರಗಳು 2021ರವರೆಗೆ ಇವೆ. ಹೀಗಿರುವಾಗ ಇನ್‌ಸ್ಟಂಟ್ ಕಾಫಿಯನ್ನು ರಷ್ಯಾಕ್ಕೆ ಯಾರು ಎಷ್ಟು ಕಳಿಸುತ್ತಿದ್ದಾರೆ, ತನ್ನ ಪ್ರತಿಸ್ಪರ್ಧಿ ವಿಯೆಟ್ನಾಮೋ ಬ್ರೆಜಿಲೋ ಎಂದು ರಫ್ತುದಾರನು ಹೇಗೆ ತಿಳಿಯಬೇಕು?

ಉತ್ತರವೆಂದರೆ ಪ್ರತಿಬಿಂಬ ಲೆಕ್ಕ. ರಷ್ಯಾ ಹೇಳದಿದ್ದುದನ್ನು ಅದಕ್ಕೆ ಮಾರಿದ ದೇಶಗಳು ಹೇಳುತ್ತವೆ. ಸರಕಿನ ಅಂತರರಾಷ್ಟ್ರೀಯ ಸಂಕೇತ ಸಂಖ್ಯೆಯನ್ನು ಹಿಡಿದು (ಬೀಜ ಮತ್ತು ಹುರಿದ ಕಾಫಿಗೆ 0901, ಇನ್‌ಸ್ಟಂಟ್ ಕಾಫಿಗೆ 2101) ಪ್ರತಿಯೊಂದು ದೇಶದ ರಫ್ತನ್ನು ಕೂಡಿಸುತ್ತ ಹೋಗಬೇಕು. ಭಾರತದ ಅಂಕಿಗಳು ವಾಣಿಜ್ಯ ಸಚಿವಾಲಯದ ಆಮದು-ರಫ್ತು ದತ್ತಾಂಶ ಕೋಶದಲ್ಲಿ ಉಚಿತವಾಗಿ ದೊರೆಯುತ್ತವೆ. ಯುರೇಷ್ಯಾ ಒಕ್ಕೂಟದ ಸುಂಕ ಪಟ್ಟಿಯ ಸಂಕೇತಗಳು ಹತ್ತು ಅಂಕಿಗಳವು, ಅವುಗಳಲ್ಲಿ ಮೊದಲ ಆರು ಜಗತ್ತಿಗೆಲ್ಲ ಒಂದೇ. ಆದರೆ ಈ ಲೆಕ್ಕವನ್ನು ಕುರುಡಾಗಿ ನಂಬಬಾರದು. ಭಾರತದ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ, ಅವರದು ಜನವರಿಯಲ್ಲಿ. ರಫ್ತಿನ ಮೌಲ್ಯವು ಹಡಗಿಗೆ ಏರಿಸುವವರೆಗಿನ ಬೆಲೆ. ಆಮದಿನ ಮೌಲ್ಯದಲ್ಲಿ ಸಾಗಣೆ ಮತ್ತು ವಿಮೆಯೂ ಸೇರಿರುತ್ತವೆ. ಮೂರನೆಯ ದೇಶದ ಮೂಲಕ ಹೋದ ಸರಕು ಯಾರ ಖಾತೆಯಲ್ಲಿ ಬಿದ್ದಿದೆ ಎಂಬುದು ಕಾಣುವುದೇ ಇಲ್ಲ. ನೂರಕ್ಕೆ ನೂರು ತಾಳೆಯಾಗುವ ಅಂಕಿ ಕಂಡುಬಂದರೆ ಸಂತೋಷಪಡುವ ಬದಲು ಅನುಮಾನಿಸುವುದು ಮೇಲು.

ಹಳೆಯ ವ್ಯಾಪಾರದ ಇತಿಹಾಸವನ್ನು ಬಯಸುವವರ ಸ್ಥಿತಿ ಇದಕ್ಕಿಂತ ಉತ್ತಮ. ಭಾರತ ಮತ್ತು ಸೋವಿಯತ್ ಒಕ್ಕೂಟಗಳ ಮೊದಲ ವ್ಯಾಪಾರ ಒಪ್ಪಂದ 1953ರ ಡಿಸೆಂಬರ್ 2ರದು. ಮುಂದೆ ರೂಪಾಯಿ ಪಾವತಿಯ ವ್ಯವಸ್ಥೆಯಡಿ ಕರ್ನಾಟಕದ ಕಾಫಿಗೆ ಅಲ್ಲಿ ದೊಡ್ಡ ಮಾರುಕಟ್ಟೆ ಏರ್ಪಟ್ಟು, 1991ರ ವಿಘಟನೆಯೊಡನೆ ಅದು ಕುಸಿಯಿತು. 'ವ್ನೆಶ್ನ್ಯಾಯಾ ತೊರ್ಗೊವ್ಲ್ಯಾ' (ವಿದೇಶ ವ್ಯಾಪಾರ) ಎಂಬ ಸೋವಿಯತ್ ವಾರ್ಷಿಕ ಅಂಕಿ-ಅಂಶ ಸಂಪುಟಗಳು ದೇಶವಾರು, ಸರಕುವಾರು ವಿವರ ಕೊಡುತ್ತವೆ. ಮೂಲ ಕಡತಗಳು ಮಾಸ್ಕೋದ ರಷ್ಯನ್ ರಾಜ್ಯ ಆರ್ಥಿಕ ಪತ್ರಾಗಾರದಲ್ಲಿ 413ನೆಯ 'ಫೋಂದ್'ನಲ್ಲಿವೆ. ಅಲ್ಲಿಯ ಪತ್ರಾಗಾರಗಳಲ್ಲಿ ಪ್ರತಿಯೊಂದು ಹಾಳೆಗೂ ನಾಲ್ಕು ಮೆಟ್ಟಿಲ ವಿಳಾಸ: ಫೋಂದ್ ಎಂದರೆ ಸಂಗ್ರಹ, ಓಪಿಸ್ ಎಂದರೆ ಅದರ ಪಟ್ಟಿ, ದ್ಯೇಲೊ ಎಂದರೆ ಕಡತ, ಲಿಸ್ತ್ ಎಂದರೆ ಹಾಳೆ. ಈ ನಾಲ್ಕೂ ಇಲ್ಲದ ಉಲ್ಲೇಖ ಮತ್ತೊಬ್ಬರ ಉಪಯೋಗಕ್ಕೆ ಬಾರದು.

ಕೊಳ್ಳುವವನು ಯಾರು?

ಹೆಸರಿನ ಗೊಂದಲವು ವಿದ್ವಾಂಸನಿಗೆ ಸಮಯ ಕಳೆದರೆ ವರ್ತಕನಿಗೆ ಹಣ ಕಳೆಯುತ್ತದೆ. ರಷ್ಯಾದ ಒಂದೇ ಕಂಪನಿಯ ಹೆಸರು ಆದೇಶ ಪತ್ರದಲ್ಲಿ ಒಂದು ಬಗೆ, ಬ್ಯಾಂಕಿನ ಕಾಗದದಲ್ಲಿ ಇನ್ನೊಂದು ಬಗೆ ಇರುವುದು ಸಾಮಾನ್ಯ. ಅದು ಲಿಪ್ಯಂತರದ ವ್ಯತ್ಯಾಸವೋ ಬೇರೆಯೇ ಕಂಪನಿಯೋ ಎಂದು ತಿಳಿಯಲು ಹೆಸರನ್ನು ಬಿಟ್ಟು ಸಂಖ್ಯೆಯನ್ನು ಹಿಡಿಯಬೇಕು. ರಷ್ಯಾದ ಪ್ರತಿಯೊಂದು ಕಂಪನಿಗೆ ಹತ್ತು ಅಂಕಿಯ ತೆರಿಗೆ ಸಂಖ್ಯೆಯೂ ಹದಿಮೂರು ಅಂಕಿಯ ನೋಂದಣಿ ಸಂಖ್ಯೆಯೂ ಇರುತ್ತವೆ. ಕಜಕಸ್ತಾನದಲ್ಲಿ ಹನ್ನೆರಡು ಅಂಕಿ, ಉಕ್ರೇನಿನಲ್ಲಿ ಎಂಟು ಅಂಕಿ. ರಷ್ಯಾದ ತೆರಿಗೆ ಸೇವೆಯ ಸಾರ್ವಜನಿಕ ನೋಂದಣಿಯಲ್ಲಿ ಸಂಖ್ಯೆ ಕೊಟ್ಟು ಕಂಪನಿಯ ಸ್ಥಾಪನೆ, ವಿಳಾಸ, ನಿರ್ದೇಶಕರ ವಿವರ ಪಡೆಯಬಹುದು. ಕೆಲವು ಕಂಪನಿಗಳ ವಿವರವನ್ನು 2022ರ ನಂತರ ಮರೆಮಾಡಲಾಗಿದೆ. ವಿವರ ಕಾಣದಿರುವುದೂ ಒಂದು ಮಾಹಿತಿಯೇ. ಅಮೆರಿಕದ ನಿರ್ಬಂಧ ಪಟ್ಟಿಯಲ್ಲಿಯೂ ಅನೇಕ ಕಂಪನಿಗಳ ಹೆಸರಿನೊಡನೆ ಇವೇ ಸಂಖ್ಯೆಗಳು ನಮೂದಾಗಿರುತ್ತವೆ. ಸರಕು ಹಡಗೇರಿದ ಮೇಲೆ ಬ್ಯಾಂಕು ಹಣ ತಡೆಯುವುದಕ್ಕಿಂತ, ಕರಾರಿಗೆ ಮೊದಲೇ ಹತ್ತು ಅಂಕಿಗಳನ್ನು ತಾಳೆ ನೋಡುವುದು ಲೇಸು.

ಕಂಡದ್ದನ್ನು ಉಳಿಸಿಕೊಳ್ಳುವುದು

ಇಂದು ತೆರೆದಿರುವ ಪುಟ ನಾಳೆ ಇರುತ್ತದೆಂಬ ಭರವಸೆ ಈ ಪ್ರದೇಶದ ವಿಷಯದಲ್ಲಿ ಇಲ್ಲವೇ ಇಲ್ಲ. 2022ರ ಫೆಬ್ರವರಿಯಲ್ಲಿ ಯುದ್ಧ ಆರಂಭವಾದ ಬಳಿಕ ರಷ್ಯಾದ ಹಲವು ಸರ್ಕಾರಿ ಜಾಲತಾಣಗಳು ಹೊರದೇಶದಿಂದ ತೆರೆಯದಾದವು. ಉಕ್ರೇನಿನಲ್ಲಿ ಬಾಂಬು ಬಿದ್ದ ಕಡೆ ಗ್ರಂಥಾಲಯ, ವಸ್ತುಸಂಗ್ರಹಾಲಯಗಳ ಸರ್ವರ್‌ಗಳೇ ನಾಶದ ಅಂಚಿನಲ್ಲಿದ್ದವು. ಆ ವರ್ಷದ ಮಾರ್ಚ್ 1ರಂದು ಆರಂಭವಾದ 'ಸೂಚೋ' ಎಂಬ ಸ್ವಯಂಸೇವಾ ಯೋಜನೆಯಲ್ಲಿ ಸಾವಿರಕ್ಕೂ ಹೆಚ್ಚು ಗ್ರಂಥಪಾಲಕರು, ತಂತ್ರಜ್ಞರು ಮತ್ತು ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಲ್ಲಿ ಕುಳಿತು 5,000ಕ್ಕೂ ಹೆಚ್ಚು ಜಾಲತಾಣಗಳ ಪ್ರತಿ ತೆಗೆದಿಟ್ಟರು. ಹಾರ್ಕಿವ್ ನಗರದ ರಾಜ್ಯ ಪತ್ರಾಗಾರದ ತಾಣವು ಪ್ರತಿ ಮಾಡಿದ ಸ್ವಲ್ಪ ಹೊತ್ತಿನಲ್ಲಿಯೇ ಸ್ತಬ್ಧವಾಯಿತು.

ಕಳೆದುಹೋದ ಪುಟಗಳನ್ನು ಕಾಣಲು 'ಇಂಟರ್‌ನೆಟ್ ಆರ್ಕೈವ್' ಸಂಸ್ಥೆಯ 'ವೇಬ್ಯಾಕ್ ಮಷೀನ್' ದೊಡ್ಡ ಆಸರೆ. 2022ಕ್ಕೆ ಹಿಂದಿನ ರಷ್ಯನ್ ಕಸ್ಟಮ್ಸ್ ಪುಟಗಳನ್ನು ಅಲ್ಲಿ ಹುಡುಕಿ ನೋಡಬಹುದು. ಆದರೆ 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಗೆ ಸಿಲುಕಿ ಅದೂ ಕೆಲವು ದಿನ ಮುಚ್ಚಿತ್ತು. ಅದಕ್ಕೆ ಒಂದು ವರ್ಷ ಮೊದಲು, 2023ರ ಅಕ್ಟೋಬರ್‌ನಲ್ಲಿ, ಇಂಥದೇ ದಾಳಿಗೆ ಒಳಗಾದ ಬ್ರಿಟಿಷ್ ಲೈಬ್ರರಿಯ ಸೂಚಿಯು ಮುಂದಿನ ಜನವರಿಯವರೆಗೆ ದೊರೆಯಲಿಲ್ಲ. ಆದುದರಿಂದ ಉಪಯುಕ್ತವೆಂದು ಕಂಡ ಪುಟವನ್ನು ಆ ಕ್ಷಣವೇ ಕಡತವಾಗಿ ಉಳಿಸಿಕೊಂಡು, ಅದರ ಮೇಲೆ ನೋಡಿದ ದಿನಾಂಕ, ಪೂರ್ಣ ವಿಳಾಸ ಮತ್ತು ಮೂಲ ಲಿಪಿಯ ಶೀರ್ಷಿಕೆಯನ್ನು ಬರೆದಿಡಬೇಕು. ವಿಳಾಸ ಮಾತ್ರ ಗುರುತು ಹಾಕಿಕೊಳ್ಳುವ ಅಭ್ಯಾಸದಿಂದ ಪ್ರಯೋಜನವಿಲ್ಲ.

ಇಲ್ಲಿಂದಲೇ ತಲುಪುವುದು

ದುಬಾರಿ ಚಂದಾ ತೆತ್ತು ಇವನ್ನೆಲ್ಲ ಕೊಳ್ಳಬೇಕಾದ ಅಗತ್ಯ ಬಹುತೇಕ ಸಂಸ್ಥೆಗಳಿಗಿಲ್ಲ. 2025ರ ಜನವರಿ 1ರಂದು ಆರಂಭವಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಅಧೀನದ ವಿಶ್ವವಿದ್ಯಾಲಯ, ಕಾಲೇಜು ಮತ್ತು ಸಂಶೋಧನ ಸಂಸ್ಥೆಗಳಿಗೆ ದೊರೆಯುತ್ತವೆ. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿಯೂ ಈ ಸೌಲಭ್ಯ ಇರಬಹುದು. ವಾಣಿಜ್ಯ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗೆ ಇಂತಹ ಒಂದು ವಿಷಯವನ್ನು ಕಿರು ಪ್ರಬಂಧಕ್ಕೆ ಒಪ್ಪಿಸಿದರೆ ಕಂಪನಿಗೂ ವಿದ್ಯಾರ್ಥಿಗೂ ಲಾಭ. ಇಂಗ್ಲಿಷ್ ನಿಯತಕಾಲಿಕಗಳಲ್ಲಿಯೂ ಹೆಸರು ಬದಲಾದುದನ್ನು ಮರೆಯಬಾರದು. ಈಗಿನ 'ಯುರೋಪ್-ಏಷ್ಯಾ ಸ್ಟಡೀಸ್' 1949ರಲ್ಲಿ 'ಸೋವಿಯತ್ ಸ್ಟಡೀಸ್' ಆಗಿ ಹುಟ್ಟಿ 1993ರಲ್ಲಿ ಈ ಹೆಸರು ಪಡೆಯಿತು. ಉನ್ನತ ಅಧ್ಯಯನಕ್ಕೆ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ರಷ್ಯಾ ಮತ್ತು ಮಧ್ಯ ಏಷ್ಯಾ ಅಧ್ಯಯನ ಕೇಂದ್ರವಿದೆ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಮಧ್ಯ ಯುರೇಷ್ಯಾ ಅಧ್ಯಯನ ಕೇಂದ್ರವಿದೆ.

ಎಲ್ಲ ಪ್ರಯತ್ನಗಳೂ ನಿಂತಲ್ಲಿ ಒಂದು ಪತ್ರ ಬರೆಯುವ ದಾರಿ ಉಳಿಯುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಗ್ರಂಥಾಲಯವು 1976ರಿಂದ 'ಸ್ಲಾವಿಕ್ ರೆಫರೆನ್ಸ್ ಸರ್ವೀಸ್' ಎಂಬ ಸೇವೆಯನ್ನು ನಡೆಸುತ್ತಿದೆ. ಈ ಪ್ರದೇಶದ ಗ್ರಂಥ, ಲೇಖನ, ಉಲ್ಲೇಖಗಳ ಬಗೆಗಿನ ಪ್ರಶ್ನೆಗಳಿಗೆ ಅಲ್ಲಿಯ ಗ್ರಂಥಪಾಲಕರು ಶುಲ್ಕ ಪಡೆಯದೆ ಉತ್ತರಿಸುತ್ತಾರೆ. ಇದು ಸಂಶೋಧನೆಗೆ ಮೀಸಲಾದ ಸೇವೆ. ಗಿರಾಕಿಯ ವಿಳಾಸ ಕೇಳುವ ಸ್ಥಳವಲ್ಲ. 'ರಷ್ಯಾದ ಕಾಫಿ ಮಾರುಕಟ್ಟೆಯ ಬಗ್ಗೆ ಮಾಹಿತಿ ಕಳಿಸಿ' ಎಂದು ಬರೆದರೆ ಉತ್ತರವೂ ಅಷ್ಟೇ ಸಡಿಲವಾಗಿರುತ್ತದೆ. '1970ರಿಂದ 1990ರವರೆಗೆ ಸೋವಿಯತ್ ಒಕ್ಕೂಟವು ಭಾರತದಿಂದ ತರಿಸಿಕೊಂಡ ಕಾಫಿಯ ವಾರ್ಷಿಕ ಪ್ರಮಾಣ ಬೇಕಾಗಿದೆ. ವಿದೇಶ ವ್ಯಾಪಾರ ವಾರ್ಷಿಕ ಸಂಪುಟಗಳಲ್ಲಿ ಇಂತಿಂಥ ವರ್ಷದವು ಸಿಕ್ಕಿವೆ, ಇಂತಿಂಥವು ಸಿಕ್ಕಿಲ್ಲ. ಇಂತಿಂಥ ಸೂಚಿಗಳನ್ನು ಈ ಪದಗಳಿಂದ ಹುಡುಕಲಾಗಿದೆ' ಎಂದು ಬರೆದರೆ ಗ್ರಂಥಪಾಲಕನ ಅರ್ಧ ಕೆಲಸ ಮುಗಿದಿರುತ್ತದೆ. ಹುಡುಕಿದ ಪದಗಳನ್ನು ಸಿರಿಲಿಕ್ ಲಿಪಿಯಲ್ಲಿಯೇ ಪತ್ರದೊಳಗೆ ಸೇರಿಸಬೇಕು, ಸಂಪುಟಗಳ ವರ್ಷಗಳನ್ನು ಬಿಡದೆ ನಮೂದಿಸಬೇಕು.